ಯಾರ ಹಂಚು, ಯಾರ ಮುದ್ರೆ

ಕಳೆದ ಫೆಬ್ರವರಿಯಲ್ಲಿ ಮಂಗಳೂರಿನ ಹೊರವಲಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ರಸಪ್ರಶ್ನೆ ನಡೆಸಿಕೊಟ್ಟೆ. ಅಂತರಕಾಲೇಜು ಸ್ಪರ್ಧೆ, ಆರು ತಂಡಗಳು, ಎಂಟು ಸುತ್ತು. ಕೊನೆಯ ಸುತ್ತಿನಲ್ಲಿ ಒಂದು ಪ್ರಶ್ನೆ ಹೀಗಿತ್ತು: ಸಾಫ್ಟ್‌ವೇರ್ ಕಂಟೇನರ್ ತಂತ್ರಜ್ಞಾನವನ್ನು ರೂಪಿಸಿದವರು ಯಾರು? ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಉತ್ತರವಿತ್ತು: ಸಾಲೊಮನ್ ಹೈಕ್ಸ್, ಡಾಕರ್, 2013. ಉಡುಪಿ ಕಡೆಯ ತಂಡದ ಹುಡುಗಿಯೊಬ್ಬಳು ಗಂಟೆ ಒತ್ತಿ, “ಪೌಲ್-ಹೆನಿಂಗ್ ಕ್ಯಾಂಪ್, ಫ್ರೀಬಿಎಸ್‌ಡಿ ಜೈಲ್” ಎಂದಳು. ಕಂಟೇನರ್ ಎಂದರೆ ಒಂದೇ ಕಂಪ್ಯೂಟರನ್ನು ಹಲವು ಪಾಲು ಮಾಡಿ, ಒಂದರ ಗೊಡವೆ ಇನ್ನೊಂದಕ್ಕೆ ಇಲ್ಲದಂತೆ ಇಡುವ ಉಪಾಯ. ಡಾಕರ್ ಅದಕ್ಕೆ ಹೆಸರಾದ ತಂತ್ರಾಂಶ; ಅವಳು ಹೇಳಿದ ಜೈಲ್, ಯುನಿಕ್ಸ್ ವಂಶದ ಒಂದು ಕಾರ್ಯಾಚರಣ ವ್ಯವಸ್ಥೆಯೊಳಗಿನ ಸೌಲಭ್ಯ.

ತಪ್ಪು ಎಂದೆ.

“ಸರ್, ಡಾಕರ್ ಬರುವ ಹದಿಮೂರು ವರ್ಷ ಮೊದಲೇ ಅದು ಇತ್ತಲ್ಲ?” ಎಂದು ಅವಳು ನಿಂತಲ್ಲಿಂದಲೇ ಕೇಳಿದಳು. ಗಂಟೆ ನಾಲ್ಕೂವರೆ ಆಗಿತ್ತು, ಬಹುಮಾನ ಕೊಡಲು ಬಂದ ಅತಿಥಿಗಳು ಮುಂದಿನ ಸಾಲಿನಲ್ಲಿ ಗಡಿಯಾರ ನೋಡುತ್ತಿದ್ದರು. ಕ್ವಿಜ್ ಮಾಸ್ಟರನ ತೀರ್ಮಾನವೇ ಅಂತಿಮ ಎಂಬ ಹಳೆಯ ಅಸ್ತ್ರವನ್ನು ತೆಗೆದೆ. ಸಭೆ ನಕ್ಕಿತು, ಅವಳು ಕುಳಿತಳು. ಹತ್ತು ಅಂಕಗಳ ಅಂತರದಲ್ಲಿ ಅವಳ ತಂಡಕ್ಕೆ ಎರಡನೆಯ ಸ್ಥಾನ ತಪ್ಪಿತು.

ಕಾಪುವಿಗೆ ಮರಳುವ ಬಸ್ಸು ಕೂಳೂರು ಸೇತುವೆಯ ಹತ್ತಿರ ನಿಂತುಬಿಟ್ಟಿತು. ಅಲ್ಲಿ ಬಸ್ಸು ನಿಲ್ಲುವುದು ಸುದ್ದಿಯೇನಲ್ಲ. ಮುಂದೆ ಪಣಂಬೂರು ಬಂದರಿಗೆ ಹೋಗುವ ಕಂಟೇನರ್ ಲಾರಿಗಳು, ಒಂದರ ಬೆನ್ನಿಗೆ ಒಂದು. ಗೇರುಬೀಜವೋ ಕಾಫಿಯೋ, ಒಳಗೇನಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಆ ಪೆಟ್ಟಿಗೆಯ ಮಹಿಮೆಯೇ ಅದು. ಅದರ ಕಥೆಯಲ್ಲೂ ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕನ ಹೆಸರು ಎಲ್ಲರಿಗೂ ಗೊತ್ತು. 1956ರ ಏಪ್ರಿಲ್ 26ರಂದು ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನು ಕಳುಹಿಸಿದವನು ಅವನು. ಪೆಟ್ಟಿಗೆಯ ನಾಲ್ಕು ಮೂಲೆಗಳಲ್ಲಿ ಕಾಣುವ ಆ ದಪ್ಪ ಉಕ್ಕಿನ ಗೂಡುಗಳನ್ನು, ಅವುಗಳೊಳಗೆ ತಿರುಗಿ ಕಚ್ಚಿಕೊಳ್ಳುವ ಬೀಗವನ್ನು ರೂಪಿಸಿದ ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್. ಆ ಬೀಗವಿಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸುವ ಮಾತೇ ಇರಲಿಲ್ಲ. ಆದರೂ ರಸಪ್ರಶ್ನೆಯಲ್ಲಿ ಅವನ ಹೆಸರನ್ನು ಕೇಳುವವರಿಲ್ಲ. ಕೇಳುವವರು ನನ್ನಂಥವರೇ ತಾನೇ.

ಆದರೆ ಅಂದು ನನ್ನನ್ನು ಚುಚ್ಚಿದ್ದು ಟ್ಯಾಂಟ್ಲಿಂಗರ್ ಅಲ್ಲ. ಡಾಕರ್ ಎಂಬ ಹೆಸರು ಲೋಕಕ್ಕೆ ಗೊತ್ತಾಗುವ ಮೊದಲೇ ನಾನು ನಾಲ್ಕು ವರ್ಷ ಕಂಟೇನರ್ ಮಾರಿ ಊಟ ಮಾಡಿದವನು. ಆ ಹುಡುಗಿ ಹೇಳಿದ್ದು ಸರಿ ಎಂಬುದಕ್ಕೆ ಆ ಸಭಾಂಗಣದಲ್ಲಿ ಒಬ್ಬ ಸಾಕ್ಷಿ ಇದ್ದರೆ ಅದು ನಾನೇ ಆಗಿದ್ದೆ.

2009ರಲ್ಲಿ ಹಂಪನಕಟ್ಟೆಯ ಒಂದು ಹಳೆಯ ಕಟ್ಟಡದಲ್ಲಿ ನಮ್ಮ ಕಚೇರಿ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ನಾವು ಐದು ಮಂದಿ. ಅಮೆರಿಕದಲ್ಲಿದ್ದ ಸರ್ವರ್‌ಗಳನ್ನು ಬಾಡಿಗೆಗೆ ಹಿಡಿದು, ಒಂದೊಂದನ್ನೂ ಮೂವತ್ತು ನಲವತ್ತು ಪಾಲು ಮಾಡಿ, ಪ್ರತಿ ಪಾಲನ್ನೂ ‘ನಿಮ್ಮದೇ ಸ್ವಂತ ಸರ್ವರ್’ ಎಂದು ಇಲ್ಲಿನವರಿಗೆ ತಿಂಗಳ ಬಾಡಿಗೆಗೆ ಕೊಡುತ್ತಿದ್ದೆವು. ಮುದ್ರಣಾಲಯಗಳು, ಮದುವೆ ಹಾಲ್‌ಗಳು, ಸಂಬಂಧ ಕೂಡಿಸುವ ಜಾಲತಾಣಗಳು, ಎರಡು ಮೂರು ಕಾಲೇಜುಗಳು ನಮ್ಮ ಗಿರಾಕಿಗಳು. ಆ ಪಾಲುಗಾರಿಕೆಯನ್ನು ಮಾಡುತ್ತಿದ್ದುದು ಓಪನ್‌ವಿಝಡ್ ಎಂಬ ತಂತ್ರಾಂಶ. ಪ್ರತಿ ಪಾಲಿಗೂ ಒಂದು ಸಂಖ್ಯೆ. ನೂರರವರೆಗಿನವು ಅದರ ಸ್ವಂತಕ್ಕೆ ಮೀಸಲು, ಹಾಗಾಗಿ ನಮ್ಮ ಗಿರಾಕಿಗಳ ಎಣಿಕೆ 101ರಿಂದ ಆರಂಭವಾಗುತ್ತಿತ್ತು. ನಾವು ಗಿರಾಕಿಗಳನ್ನು ಹೆಸರಿಗಿಂತ ಹೆಚ್ಚಾಗಿ ಸಂಖ್ಯೆಯಿಂದಲೇ ಕರೆಯುತ್ತಿದ್ದೆವು. “117 ಮತ್ತೆ ಅಳುತ್ತಿದ್ದಾರೆ, ಫೋನ್ ಎತ್ತು ಮಾರಾಯ” ಎನ್ನುವುದು ದಿನದ ಮಾತು.

ಆ ತಂತ್ರಾಂಶದಲ್ಲಿ ಯೂಸರ್ ಬೀನ್‌ಕೌಂಟರ್ಸ್ ಎಂಬ ಒಂದು ಕಡತ ಇರುತ್ತಿತ್ತು. ಬೀನ್‌ಕೌಂಟರ್ ಎಂದರೆ ಕಾಳು ಎಣಿಸುವವನು, ಜಿಪುಣ ಲೆಕ್ಕಿಗ. ಯಾವ ಪಾಲಿನವನು ಎಷ್ಟು ಮೆಮೊರಿ ಬಳಸಿದ, ಎಷ್ಟು ಪ್ರೋಗ್ರಾಮುಗಳನ್ನು ಏಕಕಾಲಕ್ಕೆ ಓಡಿಸಿದ, ಎಷ್ಟು ಕಡತಗಳನ್ನು ತೆರೆದ ಎಂಬ ಲೆಕ್ಕ ಸಾಲು ಸಾಲಾಗಿ ಅದರಲ್ಲಿರುತ್ತಿತ್ತು. ಕೊನೆಯ ಅಂಕಣ ಫೇಲ್‌ಕೌಂಟ್: ಮಿತಿ ಮೀರಿ ಕೈಚಾಚಿ ಬೈಸಿಕೊಂಡು ಹಿಂದಿರುಗಿದ್ದು ಎಷ್ಟು ಸಲ ಎಂಬ ಲೆಕ್ಕ. ರಾತ್ರಿ ಹನ್ನೊಂದಕ್ಕೆ ಗಿರಾಕಿಯ ಫೋನು ಬಂದರೆ ಮೊದಲು ನೋಡುತ್ತಿದ್ದುದು ಆ ಅಂಕಣವನ್ನು. ಅದು ಏರಿದ್ದರೆ ತಪ್ಪು ಗಿರಾಕಿಯದು, ಏರದಿದ್ದರೆ ನಮ್ಮದು. ನಮ್ಮದು ಎಂದು ತಿಳಿದಾಗಲೂ ನಾವು ಒಪ್ಪಿಕೊಳ್ಳುತ್ತಿದ್ದೆವೋ ಇಲ್ಲವೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಈ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಯಂತ್ರದಲ್ಲಿ ಹಲವರನ್ನು ಕೂರಿಸಲು ಎರಡು ದಾರಿಗಳಿವೆ. ವರ್ಚುವಲ್ ಮಷೀನ್ ಎಂದರೆ ಒಂದೇ ಹಿತ್ತಿಲಲ್ಲಿ ಬೇರೆ ಬೇರೆ ಮನೆ ಕಟ್ಟಿ ಪ್ರತಿ ಮನೆಗೂ ಒಂದೊಂದು ಬಾವಿ ತೋಡಿದಂತೆ. ಕಂಟೇನರ್ ಎಂದರೆ ವಠಾರ. ಬಾವಿ ಒಂದೇ, ಅದು ಕರ್ನಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ನಡುವೆ ಗೋಡೆಗಳು ಮಾತ್ರ. ವಠಾರದಲ್ಲಿ ಜಾಗ ಉಳಿಯುತ್ತದೆ, ಖರ್ಚು ಕಡಿಮೆ, ಹೊಸ ಬಾಡಿಗೆದಾರನನ್ನು ಕ್ಷಣದಲ್ಲಿ ಕೂರಿಸಬಹುದು. ಆದರೆ ಬಾವಿ ಕೆಟ್ಟರೆ ಎಲ್ಲರಿಗೂ ಕೆಟ್ಟಿತು. ಒಂದು ಸಲ ನಮ್ಮ ಒಂದು ಸರ್ವರಿನ ಕರ್ನಲ್ ಕುಸಿದು ಮೂವತ್ತೆಂಟು ಗಿರಾಕಿಗಳು ಒಟ್ಟಿಗೆ ಕತ್ತಲಲ್ಲಿ ಉಳಿದರು. ಅದು ಮದುವೆಯ ಋತು. ಹಾಲ್‌ಗಳ ಬುಕಿಂಗ್ ನಿಂತಿತ್ತು. ಆ ದಿನ ಕೇಳಿದ ಬೈಗುಳಗಳಲ್ಲಿ ತುಳುವಿನ ಪದಸಂಪತ್ತು ಎಷ್ಟು ದೊಡ್ಡದೆಂದು ನನಗೆ ಅರಿವಾಯಿತು.

ಈಗ ಆ ಪ್ರಶ್ನೆ. ಈ ವಠಾರವನ್ನು ಮೊದಲು ಕಟ್ಟಿದವರು ಯಾರು?

ಬಹಳಷ್ಟು ಮಂದಿ ಕಥೆಯನ್ನು 1979ರಿಂದ ಆರಂಭಿಸುತ್ತಾರೆ. ಆ ವರ್ಷ ಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ ಸಿಎಚ್‌ರೂಟ್ ಎಂಬ ಒಂದು ಆದೇಶ ಸೇರಿಕೊಂಡಿತು. ಒಂದು ಪ್ರೋಗ್ರಾಮಿಗೆ ‘ನಿನ್ನ ಲೋಕದ ಬುಡ ಇಲ್ಲಿಂದಲೇ ಶುರು’ ಎಂದು ನಂಬಿಸುವ ಉಪಾಯ ಅದು. 1982ರಲ್ಲಿ ಬಿಲ್ ಜಾಯ್ ಅದನ್ನು ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ರೂಪವಾದ ಬಿಎಸ್‌ಡಿಗೆ ತಂದರು. ನನಗೆ ಈ ಆರಂಭ ಒಪ್ಪಿಗೆಯಿಲ್ಲ. ಸಿಎಚ್‌ರೂಟ್ ಗೋಡೆಯಲ್ಲ, ಪರದೆ. ಕಡತಗಳನ್ನು ಮರೆಮಾಡುತ್ತದೆ, ಅಷ್ಟೇ. ಪಕ್ಕದವನ ಪ್ರೋಗ್ರಾಮುಗಳು ಕಾಣುತ್ತವೆ, ಜಾಲದ ವಿಳಾಸ ಎಲ್ಲರಿಗೂ ಒಂದೇ, ಮತ್ತು ಆಡಳಿತದ ಅಧಿಕಾರ ಇರುವವನು ಪರದೆ ಸರಿಸಿ ಹೊರಗೆ ಬರಬಲ್ಲ. ಚಾವಡಿಯಲ್ಲಿ ಸೀರೆ ಕಟ್ಟಿ ಎರಡು ಕೋಣೆ ಮಾಡಿದರೆ ಅದನ್ನು ಯಾರೂ ವಠಾರ ಎನ್ನುವುದಿಲ್ಲ.

ಗೋಡೆ ಬಂದದ್ದು ಜೈಲ್‌ನೊಂದಿಗೆ. ಡೆನ್ಮಾರ್ಕಿನ ಪೌಲ್-ಹೆನಿಂಗ್ ಕ್ಯಾಂಪ್ ಬರೆದ ಇದು 2000ದ ಮಾರ್ಚ್‌ನಲ್ಲಿ ಬಿಡುಗಡೆಯಾದ ಫ್ರೀಬಿಎಸ್‌ಡಿ 4.0ರಲ್ಲಿ ಬಂತು. ಯುನಿಕ್ಸ್ ಲೋಕದಲ್ಲಿ ರೂಟ್ ಎಂಬ ಬಳಕೆದಾರನೆಂದರೆ ಸರ್ವಶಕ್ತ. ಅವನನ್ನು ತಡೆಯುವ ನಿಯಮವೇ ಇರಲಿಲ್ಲ. ಜೈಲ್ ಮಾಡಿದ್ದೇನೆಂದರೆ ಆ ಸರ್ವಶಕ್ತನನ್ನು ಅವನ ಕೋಣೆಯೊಳಗೆ ಮಾತ್ರ ಸರ್ವಶಕ್ತನನ್ನಾಗಿ ಮಾಡಿದ್ದು. ಅವನು ಒಳಗೆ ಏನು ಬೇಕಾದರೂ ಮಾಡಲಿ, ಹೊರಗಿನ ಪ್ರೋಗ್ರಾಮುಗಳು ಅವನಿಗೆ ಕಾಣುವುದೇ ಇಲ್ಲ, ಅವನಿಗೆ ಕೊಟ್ಟ ಜಾಲವಿಳಾಸ ಬಿಟ್ಟು ಬೇರೆಯದನ್ನು ಮುಟ್ಟುವಂತಿಲ್ಲ. ಕ್ಯಾಂಪ್ ಮತ್ತು ರಾಬರ್ಟ್ ವಾಟ್ಸನ್ ಇದರ ಬಗ್ಗೆ ಅದೇ ವರ್ಷ ಒಂದು ಪ್ರಬಂಧವನ್ನೂ ಬರೆದರು.

ರಸಪ್ರಶ್ನೆಯ ರಾತ್ರಿ ಮನೆಗೆ ಬಂದು ನಾನು ತೆರೆದದ್ದು ಆ ಪ್ರಬಂಧವನ್ನಲ್ಲ, ಜೈಲ್‌ನ ಕೈಪಿಡಿ ಪುಟವನ್ನು. ಅದರ ಕೊನೆಯ ಕಡೆ ಬರೆದವರ ಬಗ್ಗೆ ಕೆಲವು ಸಾಲುಗಳ ಒಂದು ಭಾಗವಿದೆ. ಜೈಲನ್ನು ಕ್ಯಾಂಪ್ ಅವರು ಆರ್ ಅಂಡ್ ಡಿ ಅಸೋಸಿಯೇಟ್ಸ್ ಎಂಬ ಸಂಸ್ಥೆಗಾಗಿ ಬರೆದರು, ಆ ಸಂಸ್ಥೆ ಅದನ್ನು ಫ್ರೀಬಿಎಸ್‌ಡಿಗೆ ಕೊಟ್ಟಿತು, ವಾಟ್ಸನ್ ಅವರು ವಿವರಣೆ ಬರೆದು ಕೆಲವು ದೋಷಗಳನ್ನು ಹುಡುಕಿದರು ಎಂದು ಅಲ್ಲಿ ದಾಖಲಾಗಿದೆ. ಆ ಸಂಸ್ಥೆಯ ಕಸುಬೇನೆಂದರೆ ಹೋಸ್ಟಿಂಗ್. ಒಂದು ಯಂತ್ರವನ್ನು ಹಲವು ಗಿರಾಕಿಗಳಿಗೆ ಹಂಚುವುದು. ಅಂದರೆ ನಮ್ಮ ಹಂಪನಕಟ್ಟೆಯ ಕಸುಬೇ!

ಇದನ್ನು ಓದಿದ ಮೇಲೆ ಉಳಿದ ಕಥೆಯನ್ನೂ ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. 2001ರಲ್ಲಿ ಜಾಕ್ ಜೆಲಿನಾ ಅವರ ಲಿನಕ್ಸ್-ವಿಸರ್ವರ್ ಬಂತು. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಒಂದು ಯಂತ್ರದಲ್ಲಿ ಹಲವು ಸರ್ವರ್ ಓಡಿಸುವುದು ಅದರ ಗುರಿ. ಎಸ್‌ಡಬ್ಲ್ಯುಸಾಫ್ಟ್ ಕಂಪನಿ ವರ್ಚುವೊಝೊ ಎಂಬ ಹೆಸರಿನಲ್ಲಿ ಹೋಸ್ಟಿಂಗ್ ಕಂಪನಿಗಳಿಗೆ ಮಾರುತ್ತಿದ್ದ ಸರಕಿನ ಒಳತಿರುಳೇ 2005ರಲ್ಲಿ ಓಪನ್‌ವಿಝಡ್ ಆಗಿ ಮುಕ್ತವಾಯಿತು. ಸನ್ ಕಂಪನಿ 2005ರಲ್ಲಿ ತನ್ನ ಕಾರ್ಯಾಚರಣ ವ್ಯವಸ್ಥೆಯಾದ ಸೋಲಾರಿಸ್ 10ರಲ್ಲಿ ಇಂಥದೇ ಝೋನ್‌ಗಳನ್ನು ಕೊಟ್ಟಿತು, ಅದಕ್ಕೆ ಸೋಲಾರಿಸ್ ಕಂಟೇನರ್ಸ್ ಎಂದೇ ಹೆಸರಿಟ್ಟಿತು. ಹೆಸರು ಕೂಡ ಡಾಕರ್‌ನದಲ್ಲ ನೋಡಿ. ಇವರೆಲ್ಲರೂ ಒಬ್ಬರನ್ನೊಬ್ಬರು ನಕಲು ಮಾಡಿದರು ಎಂದು ನನಗೆ ಅನಿಸುವುದಿಲ್ಲ. ಇವರೆಲ್ಲರೂ ಬಾಡಿಗೆಗೆ ಕೊಡುವವರು, ಅಥವಾ ಬಾಡಿಗೆಗೆ ಕೊಡುವವರಿಗಾಗಿ ಕೆಲಸ ಮಾಡಿದವರು. ಅಪರಿಚಿತರನ್ನು ಒಂದೇ ಸೂರಿನಡಿ ಇಕ್ಕಟ್ಟಾಗಿ ಕೂರಿಸಿ, ಅವರು ಪರಸ್ಪರ ಜಗಳವಾಡದಂತೆ ನೋಡಿಕೊಳ್ಳಬೇಕಾದವರು. ಇಂಥವರಿಗೆ ಎಲ್ಲೇ ಇದ್ದರೂ ಗೋಡೆಯ ಯೋಚನೆ ಬಂದೇ ಬರುತ್ತದೆ. ಕಂಟೇನರ್ ಯಾವ ವಿಜ್ಞಾನಿಯ ತಲೆಗೂ ಸೇಬಿನಂತೆ ಬೀಳಲಿಲ್ಲ. ಅದು ವಠಾರದ ಯಜಮಾನನ ಲೆಕ್ಕಾಚಾರದಲ್ಲಿ ಮತ್ತೆ ಮತ್ತೆ ಹುಟ್ಟಿತು.

ಎಲ್ಲರಿಗಿಂತ ದೊಡ್ಡ ಯಜಮಾನ ಗೂಗಲ್. ತನ್ನ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಒಂದೊಂದರ ಮೇಲೂ ಹಲವು ಕೆಲಸಗಳನ್ನು ಹೇರಬೇಕಿತ್ತು; ಅವಸರದ ಕೆಲಸದ ಪಾಲನ್ನು ಸಾವಕಾಶದ ಕೆಲಸ ಕಬಳಿಸಬಾರದಿತ್ತು. ಗೋಡೆಯಿದ್ದರೆ ಸಾಲದು, ಪ್ರತಿ ಮನೆಗೂ ಬೇರೆ ಕರೆಂಟ್ ಮೀಟರ್ ಬೇಕು. 2006ರಲ್ಲಿ ಅಲ್ಲಿನ ಪೌಲ್ ಮೆನಾಜ್ ಮತ್ತು ರೋಹಿತ್ ಸೇಠ್ ಲಿನಕ್ಸ್‌ಗಾಗಿ ಈ ಕೆಲಸಕ್ಕೆ ಕೈಹಾಕಿದರು. ಮೊದಲು ಇಟ್ಟ ಹೆಸರು ಪ್ರೋಸೆಸ್ ಕಂಟೇನರ್ಸ್. ಕಂಟೇನರ್ ಎಂಬ ಪದಕ್ಕೆ ಕರ್ನಲ್ ಮಂದಿಯ ನಡುವೆ ಆಗಲೇ ಹಲವು ಅರ್ಥಗಳಿದ್ದುದರಿಂದ 2007ರಲ್ಲಿ ಹೆಸರು ಬದಲಾಗಿ ಕಂಟ್ರೋಲ್ ಗ್ರೂಪ್ಸ್ ಆಯಿತು, ಬಾಯಲ್ಲಿ ಸಿಗ್ರೂಪ್. 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಅದು ಸೇರಿತು. ಅದಾದರೂ ಶೂನ್ಯದಿಂದ ಬಂದದ್ದಲ್ಲ. ಸಿಗ್ರೂಪ್‌ನ ವಿವರಣಾ ಕಡತದ ತಲೆಯಲ್ಲೇ ಮೆನಾಜ್ ಅವರು ಇದು ಪ್ರೊಸೆಸರುಗಳನ್ನು ಕೆಲಸಗಳಿಗೆ ಹಂಚಿಕೊಡುವ ಹಳೆಯ ಸೌಲಭ್ಯವಾದ ಸಿಪಿಯುಸೆಟ್‌ನ ವಿವರಣೆಯನ್ನು ಆಧರಿಸಿದೆ ಎಂದು ಬರೆದು, ಅದರ ಹಕ್ಕುದಾರರಾದ ಬುಲ್ ಮತ್ತು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಗಳ ಹೆಸರುಗಳನ್ನು ಉಳಿಸಿದ್ದಾರೆ.

ಸಿಗ್ರೂಪ್ ಎಂಬುದು ಮೀಟರ್ ಜೋಡಿಸುವ ಹಲಗೆ ಮಾತ್ರ. ನಿಜವಾದ ಮೀಟರುಗಳನ್ನು ಬೇರೆಯವರು ಮಾಡಬೇಕಾಯಿತು. ಮೆಮೊರಿಯ ಮೀಟರನ್ನು ಬರೆಯುವುದರಲ್ಲಿ ಮುಂದೆ ನಿಂತವರು ಬಲಬೀರ್ ಸಿಂಗ್. ಪ್ರೊಸೆಸರ್ ಸಮಯವನ್ನು ಗುಂಪುಗಳ ನಡುವೆ ನ್ಯಾಯವಾಗಿ ಹಂಚುವ ಭಾಗದಲ್ಲಿ ಶ್ರೀವತ್ಸ ವಡ್ಡಗಿರಿಯವರ ದುಡಿಮೆ ದೊಡ್ಡದು. ಇಬ್ಬರೂ ಆಗ ಐಬಿಎಂನಲ್ಲಿ, ನಮ್ಮ ಬೆಂಗಳೂರಿನಲ್ಲಿ ಕುಳಿತು ಈ ಕೆಲಸ ಮಾಡಿದವರು. ಇವತ್ತು ಜಗತ್ತಿನಲ್ಲಿ ಯಾವ ಕಂಟೇನರಿಗೆ ‘ನಿನಗೆ ಇಷ್ಟೇ ಮೆಮೊರಿ’ ಎಂದು ಗೆರೆ ಎಳೆದರೂ ಆ ಗೆರೆಯ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ. ನಮ್ಮ ಕಾಲೇಜುಗಳಲ್ಲಿ ಕ್ಲೌಡ್ ಪಾಠ ಮಾಡುವವರಲ್ಲಿ ಎಷ್ಟು ಮಂದಿ ಈ ಹೆಸರುಗಳನ್ನು ಕೇಳಿದ್ದಾರೋ! ಆರು ತಂಡಗಳಿಗೆ ಎಂಟು ಸುತ್ತು ಪ್ರಶ್ನೆ ಕೇಳಿದ ನನ್ನ ಹಾಳೆಯಲ್ಲೂ ಇವು ಇರಲಿಲ್ಲ. ಸಿಲಿಕಾನ್ ವ್ಯಾಲಿಯ ಮೂರು ಹೆಸರುಗಳಿದ್ದವು.

ಗೋಡೆಗಳ ಕಡೆಯೂ ಹಾಗೆಯೇ. ಲಿನಕ್ಸ್‌ನಲ್ಲಿ ಗೋಡೆಗೆ ನೇಮ್‌ಸ್ಪೇಸ್ ಎನ್ನುತ್ತಾರೆ. ಪ್ರತಿಯೊಂದು ಪ್ರೋಗ್ರಾಮಿಗೂ ತನ್ನದೇ ಆದ ಲೋಕನೋಟ ಇರಬಹುದು ಎಂಬ ಆಲೋಚನೆ ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ ಬಂದದ್ದು. ಲಿನಕ್ಸ್‌ನಲ್ಲಿ ಕಡತಗಳ ಗೋಡೆಯನ್ನು ಅಲ್ ವಿರೊ 2002ರಲ್ಲಿ ತಂದರು. ಇಂಥವು ಇನ್ನೂ ಬರಲಿವೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲವೋ ಏನೋ, ಅದರ ಸಂಕೇತಕ್ಕೆ ‘ಹೊಸ ನೇಮ್‌ಸ್ಪೇಸ್’ ಎಂದಷ್ಟೇ ಅರ್ಥ ಬರುವ ಹೆಸರು ಬಿದ್ದು ಇಂದಿಗೂ ಉಳಿದಿದೆ. ಮುಂದೆ ಎರಿಕ್ ಬೀಡರ್‌ಮನ್, ಸರ್ಜ್ ಹ್ಯಾಲಿನ್, ಓಪನ್‌ವಿಝಡ್ ಕಡೆಯ ಪಾವೆಲ್ ಎಮೆಲ್ಯಾನೊವ್ ಮುಂತಾದವರು ಒಂದೊಂದೇ ಗೋಡೆ ಎಬ್ಬಿಸಿದರು: ಯಂತ್ರದ ಹೆಸರಿಗೊಂದು, ಪ್ರೋಗ್ರಾಮುಗಳ ಪಟ್ಟಿಗೊಂದು, ಜಾಲಕ್ಕೊಂದು. ಬಳಕೆದಾರರ ಗೋಡೆ ಪೂರ್ತಿಯಾದದ್ದು 2013ರ ಫೆಬ್ರವರಿಯಲ್ಲಿ ಬಂದ 3.8ನೆಯ ಆವೃತ್ತಿಯಲ್ಲಿ.

ಹೀಗಾಗಿ ಒಂದು ವಿಚಿತ್ರ ಉಳಿದಿದೆ. ಲಿನಕ್ಸ್ ಕರ್ನಲ್‌ನೊಳಗೆ ಕಂಟೇನರ್ ಎಂಬ ವಸ್ತುವೇ ಇಲ್ಲ. ಫ್ರೀಬಿಎಸ್‌ಡಿಯಲ್ಲಿ ಜೈಲ್ ಇದೆ, ಸೋಲಾರಿಸ್‌ನಲ್ಲಿ ಝೋನ್ ಇದೆ. ಲಿನಕ್ಸ್‌ನಲ್ಲಿ ಇರುವುದು ಗೋಡೆಗಳು, ಮೀಟರುಗಳು. ಎಲ್ಲವನ್ನೂ ಹೊರಗಿನಿಂದ ಒಂದಾಗಿ ಕಟ್ಟಿ ‘ಇದು ಕಂಟೇನರ್’ ಎಂದು ನಾವು ಕರೆಯುತ್ತೇವೆ. 2008ರಲ್ಲಿ ಹಾಗೆ ಕಟ್ಟಿಕೊಟ್ಟ ಮೊದಲ ಹಗ್ಗಗಳಲ್ಲಿ ಒಂದು ಎಲ್‌ಎಕ್ಸ್‌ಸಿ. ಐಬಿಎಂನ ಡೇನಿಯಲ್ ಲೆಜ್ಕಾನೊ ಮತ್ತು ಸಂಗಡಿಗರದು. ಇಲ್ಲದ ವಸ್ತುವನ್ನು ಕಂಡುಹಿಡಿದವರು ಯಾರೆಂದು ಅಂಕ ಕೊಟ್ಟು ಕೇಳಿದವನು ನಾನು.

ಹಾಗಾದರೆ ಡಾಕರ್‌ಗೆ ಏನೂ ಇಲ್ಲವೇ? ಇಲ್ಲಿ ಆ ಹುಡುಗಿಯ ಜೊತೆಗೂ ನನಗೆ ಸ್ವಲ್ಪ ತಕರಾರು ಇದೆ.

2013ರ ಮಾರ್ಚ್ 15ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಹೈಕ್ಸ್ ಐದು ನಿಮಿಷದ ಕಿರುಭಾಷಣ ಮಾಡಿದರು. ಶೀರ್ಷಿಕೆ ‘ಲಿನಕ್ಸ್ ಕಂಟೇನರ್‌ಗಳ ಭವಿಷ್ಯ’ ಎಂಬ ಅರ್ಥದ್ದು. ಭವಿಷ್ಯ ಎಂದರೆ ಭೂತಕಾಲ ಒಂದಿದೆ ಎಂದು ಒಪ್ಪಿದ ಹಾಗೆ. ನಾನೇ ಕಂಡುಹಿಡಿದೆ ಎಂಬ ಮಾತು ಆ ಶೀರ್ಷಿಕೆಯಲ್ಲಿಲ್ಲ, ಅದನ್ನು ಸೇರಿಸಿದ್ದು ನನ್ನಂಥ ಪ್ರಶ್ನೆ ಬರೆಯುವವರು. ಅವರ ಕಂಪನಿ ಡಾಟ್‌ಕ್ಲೌಡ್ ಕೂಡ ಗಿರಾಕಿಗಳ ಪ್ರೋಗ್ರಾಮುಗಳನ್ನು ತನ್ನಲ್ಲಿ ಓಡಿಸಿ ಬಾಡಿಗೆ ಪಡೆಯುತ್ತಿದ್ದ ವಠಾರವೇ. ಒಳಗೆ ಎಲ್‌ಎಕ್ಸ್‌ಸಿ ಇತ್ತು. ಕಡತಗಳನ್ನು ಪದರ ಪದರವಾಗಿ ಒಂದರ ಮೇಲೊಂದು ಹಾಸಿ ಒಂದೇ ಎಂಬಂತೆ ತೋರಿಸುವ ಎಯುಎಫ್‌ಎಸ್ ಇತ್ತು. ಅದು ಜಪಾನಿನ ಜುಂಜಿರೊ ಒಕಾಜಿಮಾ ಅವರ ಕೃತಿ, ಲಿನಕ್ಸ್‌ನ ಮುಖ್ಯ ಕರ್ನಲ್‌ಗೆ ಅದಕ್ಕೆ ಪ್ರವೇಶ ಸಿಗಲೇ ಇಲ್ಲ. ಹೊರಗಿಟ್ಟ ವಸ್ತುವಿನ ಮೇಲೆ ಇಷ್ಟು ದೊಡ್ಡ ಮನೆ ಎದ್ದಿತು ಎಂಬುದೂ ಈ ಕಥೆಯ ಒಂದು ತಮಾಷೆ.

ನಾನು ಡಾಕರ್ ಅನ್ನು ಮೊದಲು ಮುಟ್ಟಿದ್ದು 2014ರಲ್ಲಿ, ವಿಟ್ಲಪಿಂಡಿಯ ರಜೆಯಲ್ಲಿ. ಕಾಪುವಿನ ಮನೆಯ ಬ್ರಾಡ್‌ಬ್ಯಾಂಡ್ ಮಳೆಗೆ ಕೆಮ್ಮುತ್ತಿತ್ತು. ಇಮೇಜ್, ಅಂದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಕಡತಗಳನ್ನೂ ಒಟ್ಟಿಗೆ ಕಟ್ಟಿದ ಗಂಟು, ಇಳಿಯಲು ಹಾಕಿ ಊಟ ಮುಗಿಸಿ ಬಂದರೂ ಮುಗಿದಿರಲಿಲ್ಲ. ಆದರೆ ಅದೇ ಇಮೇಜನ್ನು ಆಧರಿಸಿದ ಇನ್ನೊಂದನ್ನು ಕೇಳಿದಾಗ ಹೊಸ ಪದರ ಮಾತ್ರ ಇಳಿಯಿತು, ಹಳೆಯದು ಇದ್ದಲ್ಲೇ ಇತ್ತು. ಒಂದೇ ಸಾಲು ಟೈಪ್ ಮಾಡಿದೆ, ಎರಡು ಸೆಕೆಂಡಿನಲ್ಲಿ ಡೇಟಾಬೇಸ್ ಓಡಿತು. ಸುಮ್ಮನೆ ಕುಳಿತೆ. ಹಂಪನಕಟ್ಟೆಯ ದಿನಗಳಲ್ಲಿ ಒಬ್ಬ ಗಿರಾಕಿಯ ಜಾಲತಾಣವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಲು ನನ್ನ ಬಳಿ ಒಂದು ನೋಟ್‌ಬುಕ್ ಇತ್ತು. ಯಾವ ಪಿಎಚ್‌ಪಿ, ಯಾವ ಲೈಬ್ರರಿ, ಯಾವ ಕಡತದ ಎಷ್ಟನೆಯ ಸಾಲನ್ನು ತಿದ್ದಬೇಕು ಎಂದು ಕೈಯಲ್ಲಿ ಬರೆದ ನೋಟ್‌ಬುಕ್. ಓಪನ್‌ವಿಝಡ್‌ನಲ್ಲೂ ಟೆಂಪ್ಲೇಟ್‌ಗಳಿದ್ದವು, ಆದರೆ ಅವು ಖಾಲಿ ಮನೆಯ ನಕ್ಷೆಗಳು. ಪಾತ್ರೆಪಗಡಿಗಳನ್ನು ಪ್ರತಿ ಸಲ ನಾವೇ ಜೋಡಿಸಬೇಕಿತ್ತು. ಡಾಕರ್ ಪಾತ್ರೆ, ಒಲೆ, ಹಚ್ಚಿದ ದೀಪ ಸಮೇತ ಮನೆಯನ್ನು ಮಡಚಿ ಕೈಗೆ ಕೊಟ್ಟಿತ್ತು. ಆ ನೋಟ್‌ಬುಕ್ಕಿನ ಕಾಲ ಮುಗಿಯಿತೆಂದು ಅಂದೇ ಗೊತ್ತಾಯಿತು. ಸಂತೋಷಕ್ಕಿಂತ ಹೆಚ್ಚಾಗಿ ಸಣ್ಣದೊಂದು ಅವಮಾನವಾಯಿತು. ಇಷ್ಟು ವರ್ಷ ಇದೇ ಕಸುಬಿನಲ್ಲಿದ್ದೂ ನನಗೇಕೆ ಇದು ಹೊಳೆಯಲಿಲ್ಲ?

ಯಾಕೆಂದರೆ ನಾನು ಯಜಮಾನನ ಕಡೆಯವನು. ಜೈಲ್, ವಿಸರ್ವರ್, ಓಪನ್‌ವಿಝಡ್, ಝೋನ್, ಸಿಗ್ರೂಪ್ ಎಲ್ಲವೂ ವಠಾರದ ಯಜಮಾನನ ಉಪಕರಣಗಳು. ಬಾಡಿಗೆದಾರನಿಗೆ ತಾನು ಗೋಡೆಯೊಳಗಿದ್ದೇನೆ ಎಂದು ತಿಳಿಯದಿದ್ದರೆ ಅಷ್ಟು ಒಳ್ಳೆಯದು ಎಂಬುದು ನಮ್ಮ ಎಣಿಕೆ. ಡಾಕರ್ ಅದೇ ಇಟ್ಟಿಗೆಗಳನ್ನು ತೆಗೆದು ಬಾಡಿಗೆದಾರನ ಕೈಗೆ, ಅಂದರೆ ಪ್ರೋಗ್ರಾಮ್ ಬರೆಯುವವರ ಕೈಗೆ ಕೊಟ್ಟಿತು. ನಿನ್ನ ಲ್ಯಾಪ್‌ಟಾಪಿನಲ್ಲೇ ಮನೆ ಕಟ್ಟು, ಮಡಚು, ಬೇಕಾದ ವಠಾರಕ್ಕೆ ಕಳುಹಿಸು ಎಂದಿತು. ಗೋಡೆ ಹಳೆಯದು, ಕೀಲಿಕೈ ಯಾರ ಬಳಿ ಎಂಬುದು ಹೊಸದು. ಇಮೇಜ್, ಅದರ ಪದರಗಳು, ಅದನ್ನು ಇಡುವ ಉಗ್ರಾಣ, ಕಟ್ಟುವ ವಿಧಾನವನ್ನು ಬರೆದಿಡುವ ಡಾಕರ್‌ಫೈಲ್: ಈ ಜೋಡಣೆಯ ಪೂರ್ಣ ಅಂಕ ಹೈಕ್ಸ್ ಮತ್ತು ಅವರ ಸಂಗಡಿಗರಿಗೆ ಸಲ್ಲಬೇಕು, ಅದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಕ್ಯಾಂಪ್ ಇದನ್ನು ಮಾಡಿರಲಿಲ್ಲ. ಆದರೆ ನನ್ನ ಪ್ರಶ್ನೆಯಲ್ಲಿ ‘ಕಂಟೇನರ್’ ಎಂದಿತ್ತು, ‘ಇಮೇಜ್’ ಎಂದಿರಲಿಲ್ಲ. ಆದ್ದರಿಂದ ಹತ್ತು ಅಂಕ ಹುಡುಗಿಯದೇ.

ಹೆಸರು ಬಂದವರಿಗೆ ಹಣವೂ ಬಂತೇ ಎಂದರೆ ಅದೂ ಅಷ್ಟು ಸರಳವಲ್ಲ. 2014ರಲ್ಲಿ ಡಾಕರ್ ಎಲ್‌ಎಕ್ಸ್‌ಸಿಯನ್ನು ಬಿಟ್ಟು ಆ ಕಟ್ಟುವ ಕೆಲಸಕ್ಕೆ ಸ್ವಂತ ಲೈಬ್ರರಿ ಬರೆದುಕೊಂಡಿತು, 2015ರಲ್ಲಿ ಕಂಟೇನರಿನ ರೂಪ ಎಲ್ಲರದ್ದಾಗಲಿ ಎಂದು ಒಂದು ಸಾಮಾನ್ಯ ಮಾನದಂಡಕ್ಕೆ ಬಿಟ್ಟುಕೊಟ್ಟಿತು. ಹೈಕ್ಸ್ 2018ರಲ್ಲಿ ಕಂಪನಿ ಬಿಟ್ಟರು. ಮರುವರ್ಷ ದೊಡ್ಡ ಸಂಸ್ಥೆಗಳಿಗೆ ಮಾರುವ ವ್ಯವಹಾರವೇ ಬೇರೆಯವರ ಪಾಲಾಯಿತು. ಗೂಗಲ್ ಹುಟ್ಟುಹಾಕಿದ, ಹಲವು ಯಂತ್ರಗಳ ಕಂಟೇನರುಗಳನ್ನು ಒಟ್ಟಿಗೆ ನಿಭಾಯಿಸುವ ಕ್ಯುಬರ್ನೆಟಿಸ್ 2022ರಲ್ಲಿ ಡಾಕರ್‌ನೊಂದಿಗಿನ ನೇರ ಕೊಂಡಿಯನ್ನೂ ತೆಗೆದುಹಾಕಿತು. ಇಂದು ದೊಡ್ಡ ದೊಡ್ಡ ವಠಾರಗಳಲ್ಲಿ ಡಾಕರ್ ಇಲ್ಲದೆಯೇ ಕಂಟೇನರುಗಳು ಓಡುತ್ತವೆ. ಆದರೂ ಹುಡುಗರು “ಡಾಕರ್ ಮಾಡಿ ಕಳುಹಿಸು” ಎಂದೇ ಹೇಳುತ್ತಾರೆ. ಬಂದರಿನಲ್ಲಿ ಸರಕು ಹೊರುವ ಕಾರ್ಮಿಕ ಎಂದು ಆ ಪದದ ಅರ್ಥ. ನಮ್ಮ ದಕ್ಕೆಯ ಹಮಾಲಿ.

ಮೇ ತಿಂಗಳಲ್ಲಿ ಮನೆಯ ಹಂಚು ಕೈಯಾಡಿಸಲು ಆಳುಗಳು ಬಂದಿದ್ದರು. ಮಳೆಗೆ ಮೊದಲು ಪ್ರತಿ ವರ್ಷದ ಕೆಲಸ. ಒಡೆದದ್ದನ್ನು ತೆಗೆಯುವುದು, ಜಾರಿದ್ದನ್ನು ಕೂರಿಸುವುದು, ಗೆದ್ದಲು ಹಿಡಿದ ರೀಪು ಬದಲಿಸುವುದು. ನಾನು ಕೆಳಗೆ ನಿಂತು ಇಳಿಸಿದ ಹಂಚುಗಳನ್ನು ಗೋಡೆಗೆ ಒರಗಿಸುತ್ತಿದ್ದೆ. ಒಳಮೈಯಲ್ಲಿ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ನಾನು ಇಂಗ್ಲಿಷ್ ಅಕ್ಷರ ಕಲಿತದ್ದೇ ಮಧ್ಯ ಕೋಣೆಯ ಮಂಚದಲ್ಲಿ ಅಂಗಾತ ಮಲಗಿ ಅದನ್ನು ಓದುತ್ತಾ. ಮುದ್ರೆ ಒಳಮುಖವಾಗಿರುವುದರಿಂದ ಬೀದಿಯಲ್ಲಿ ಹೋಗುವವರಿಗೆ ಅದು ಕಾಣುವುದಿಲ್ಲ, ಮನೆಯೊಳಗೆ ಮಲಗಿದವರಿಗೆ ಮಾತ್ರ ಕಾಣುತ್ತದೆ. ಜೈಲ್‌ನ ಕೈಪಿಡಿಯ ಕೊನೆಯ ಆ ಸಾಲುಗಳು ನನಗೆ ಆಗ ನೆನಪಾದವು.

ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಯ ಆ ಕಾರ್ಖಾನೆಯನ್ನು 1865ರಲ್ಲಿ ಆರಂಭಿಸಿದವರು ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್. ಮುಳಿಹುಲ್ಲಿನ ಮಾಡಿನ ನಮ್ಮ ಕರಾವಳಿಗೆ ಹಂಚಿನ ಮಾಡು ಬಂತು, ಹಂಚಿಗೆ ಮಂಗಳೂರು ಎಂಬ ಹೆಸರೂ ಬಂತು. ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ ಫ್ರಾನ್ಸಿನ ಅಲ್ಸಾಸ್‌ನ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಅಲ್ಸಾಸ್‌ನಿಂದ ಬಾಸೆಲ್‌ಗೆ ಅಂಥ ದೂರವೇನೂ ಇಲ್ಲ. ಮಣ್ಣು ಇಲ್ಲಿನ ನದಿಗಳದು, ಅದನ್ನು ತುಳಿದು ಹದ ಮಾಡಿದ, ಅಚ್ಚಿಗೆ ಒತ್ತಿದ, ಸುಟ್ಟ ಕೈಗಳು ಇಲ್ಲಿನವು. ಅವರ ಹೆಸರು ಹಂಚಿನ ಯಾವ ಮೈಯಲ್ಲೂ ಇಲ್ಲ.

ರಸಪ್ರಶ್ನೆಯ ಸಂಯೋಜಕರಿಗೆ ನಾನು ಮಾರ್ಚ್‌ನಲ್ಲೇ ಪತ್ರ ಬರೆದಿದ್ದೆ. ತೀರ್ಮಾನ ತಪ್ಪಾಗಿತ್ತು, ಆ ತಂಡಕ್ಕೆ ಹತ್ತು ಅಂಕ ಸೇರಿಸಿ, ಎರಡನೆಯ ಸ್ಥಾನ ಜಂಟಿಯಾಗಲಿ ಎಂದು. ಪ್ರಮಾಣಪತ್ರಗಳು ಈಗಾಗಲೇ ಹಂಚಿಕೆಯಾಗಿವೆ, ಮುಂದಿನ ವರ್ಷವೂ ತಾವೇ ಬಂದು ನಡೆಸಿಕೊಡಬೇಕು ಎಂದು ವಿನಯದ ಉತ್ತರ ಬಂತು.

ಮಾಡಿನ ಮೇಲಿದ್ದ ಆಳು ಒಂದು ಹೊಸ ಹಂಚನ್ನು ಹಳೆಯದರ ಪಕ್ಕ ಕೂರಿಸಲು ನೋಡಿ, “ಇದು ಬೇರೆ ಕಾರ್ಖಾನೆಯದು, ಕೂರುವುದಿಲ್ಲ, ಸಂದು ಬಿಡುತ್ತದೆ” ಎಂದು ಕೆಳಗೆ ಕೊಟ್ಟ. ಆಮೇಲೆ ಗೋಡೆಗೆ ಒರಗಿಸಿದ್ದ ಮುದ್ರೆಯ ಹಂಚುಗಳನ್ನು ತೋರಿಸಿ, ಇವನ್ನು ಮಾರುವುದಾದರೆ ಹೇಳಿ, ಹೋಮ್‌ಸ್ಟೇಯವರು ಗೋಡೆಯ ಅಲಂಕಾರಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ ಎಂದ. ನಾನು ಅಮ್ಮನ ಮುಖ ನೋಡಿದೆ.

“ಒಡೆಯದ ಹಂಚನ್ನು ಯಾರಾದರೂ ಮಾರುತ್ತಾರೆಯೇ? ಅಡುಗೆಕೋಣೆಯ ಮೇಲೆ ಇನ್ನೂ ಹನ್ನೆರಡು ಕಡಿಮೆ ಇವೆ, ಮೊದಲು ಅಲ್ಲಿಗೆ ಹಾಕಿ” ಎಂದು ಹೇಳಿ ಅವರು ಆಳುಗಳಿಗೆ ಚಹಾ ತರಲು ಒಳಗೆ ಹೋದರು.